ಒಂದು ಮಗ್ ಕಡಿಮೆ

ಆಗಸ್ಟ್ 15 ಹತ್ತಿರ ಬಂತೆಂದರೆ ನಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ಟರ್ ತಪ್ಪದೆ ಫೋನ್ ಮಾಡುತ್ತಾರೆ. "ಬಂದು ಮಕ್ಕಳಿಗೆ ಸ್ಫೂರ್ತಿ ಬರೋ ಹಾಗೆ ನಾಲ್ಕು ಮಾತಾಡಿ ಸಾರ್." ಹೋಗುತ್ತೇನೆ. ಎಷ್ಟು ಜನ ಶತ್ರುಗಳನ್ನು ಹೊಡೆದಿದ್ದೀರಿ ಅನ್ನುವುದು ಮೊದಲ ಪ್ರಶ್ನೆ. ಮಿಲಿಟರಿ ಕ್ಯಾಂಟೀನಿನಲ್ಲಿ ಬಾಟ್ಲಿ ಎಷ್ಟಕ್ಕೆ ಸಿಗುತ್ತದೆ ಅನ್ನುವುದು ಎರಡನೆಯದು. ಇದನ್ನು ಮಕ್ಕಳು ಕೇಳುವುದಿಲ್ಲ. ವೇದಿಕೆ ಮೇಲೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಕೇಳುತ್ತಾರೆ.

ಟ್ರೇನಿಂಗ್ ಹೇಗಿತ್ತು ಅಂತ ಇದುವರೆಗೂ ಯಾರೂ ಕೇಳಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ಆ ದಿನಗಳು ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಒಂದು ಎನಾಮಲ್ ಮಗ್. ಅದರ ಕಥೆ ಹೇಳಿದರೆ ಯಾವ ಮಗುವಿಗೆ ಸ್ಫೂರ್ತಿ ಬಂದೀತು?

ನಾನು ಅರಕಲಗೂಡು ಕಡೆಯವನು. ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಇಟಾರ್ಸಿ ಜಂಕ್ಷನ್‌ನಲ್ಲಿ ರೈಲು ಬದಲಿಸಿ ಜಬಲ್ಪುರದಲ್ಲಿ ಇಳಿದೆ. ಆ ಊರಿನ ತುಂಬ ಫೌಜೇ. 1904ರಿಂದ ಇರುವ ಗನ್ ಕ್ಯಾರೇಜ್ ಫ್ಯಾಕ್ಟರಿ, ಶಕ್ತಿಮಾನ್ ಟ್ರಕ್ಕುಗಳನ್ನು ಮಾಡುತ್ತಿದ್ದ ವೆಹಿಕಲ್ ಫ್ಯಾಕ್ಟರಿ, ಖಮರಿಯಾದ ಮದ್ದುಗುಂಡಿನ ಕಾರ್ಖಾನೆ ಎಲ್ಲ ಅಲ್ಲೇ. ಟ್ರೇನಿಂಗ್ ಸೆಂಟರುಗಳೇ ಮೂರು: ಗ್ರೆನೇಡಿಯರ್ಸ್, ಜಮ್ಮು ಕಾಶ್ಮೀರ ರೈಫಲ್ಸ್, ಸಿಗ್ನಲ್ಸ್. ನನ್ನದು ಯಾವುದು ಅಂತ ಬರೆಯುವುದಿಲ್ಲ. ಪೆನ್ಷನ್ ಇನ್ನೂ ಬರುತ್ತಿದೆ.

ಗೇಟಿನೊಳಗೆ ಕಾಲಿಟ್ಟ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರಿಗೆ ಬೆಲೆ ಇಲ್ಲ. ಒಂದು ಉದ್ದದ ನಂಬರ್ ಕೊಟ್ಟರು. ನಡುರಾತ್ರಿ ಎಬ್ಬಿಸಿ ಕೇಳಿದರೂ ನಂಬರ್, ರ‍್ಯಾಂಕ್, ಹೆಸರು ಅದೇ ಕ್ರಮದಲ್ಲಿ ಬಾಯಿಗೆ ಬರಬೇಕು. ಇವತ್ತಿಗೂ ನನಗೆ ಹೆಂಡತಿಯ ಮೊಬೈಲ್ ನಂಬರ್ ಬಾಯಿಗೆ ಬರುವುದಿಲ್ಲ. ಅದು ಬರುತ್ತದೆ.

ಆಮೇಲೆ ಕಟಿಂಗ್. ಒಂದು ತಲೆಗೆ ಎರಡು ನಿಮಿಷ ಕೊಟ್ಟರೆ ಅದೇ ಜಾಸ್ತಿ. ರೈಲಿನಲ್ಲಿ ನನಗೆ ಬಾಗಲಕೋಟೆಯ ಹುಡುಗನೊಬ್ಬ ಪರಿಚಯವಾಗಿದ್ದ. ಕಿವಿ ಮುಚ್ಚುವ ಕ್ರಾಪು, ಹಣೆ ಮೇಲೆ ಒಂದು ಸುರುಳಿ. ಕಟಿಂಗ್ ಮುಗಿಸಿ ಬಂದು ಅವನನ್ನು ಹುಡುಕಿದೆ, ಸಿಗಲಿಲ್ಲ. ಮರದ ಕೆಳಗೆ ನಿಂತಿದ್ದ ಒಬ್ಬ ಬೋಳುತಲೆಯವನ ಹತ್ತಿರ ಹೋಗಿ ನನಗೆ ಬರುತ್ತಿದ್ದ ಹಿಂದಿಯಲ್ಲಿ, ಇಲ್ಲಿ ಬಾಗಲಕೋಟೆಯವನೊಬ್ಬ ಇದ್ದನಲ್ಲ, ನೋಡಿದಿರಾ ಅಂತ ಕೇಳಿದೆ. ಅವನು ಅಳುವ ದನಿಯಲ್ಲಿ, "ನಾನ ಅದೀನಲೇ" ಅಂದ.

ಸ್ಟೋರಿನಲ್ಲಿ ಕಿಟ್ ಕೊಟ್ಟರು. ಕಪ್ಪು ಟ್ರಂಕು, ದರಿ, ಕಂಬಳಿ, ಸೊಳ್ಳೆಪರದೆ, ಮೆಸ್ ಟಿನ್, ನೀರಿನ ಬಾಟಲಿ, ಅಂಗೋಲಾ ಶರ್ಟು, ಜರ್ಸಿ, ಅಡಿಗೆ ಮೊಳೆ ಹೊಡೆದು ಹಿಮ್ಮಡಿಗೆ ಲಾಳ ಕಟ್ಟಿದ ಡ್ರಿಲ್ ಬೂಟು, ಇನ್ನೂ ಏನೇನೋ. ಸ್ಟೋರಿನವನು ನನ್ನ ಕಾಲು ನೋಡಲಿಲ್ಲ. ಮುಖ ನೋಡಿ ಬೂಟು ಕೊಟ್ಟ. ಒಂದು ಸೈಜು ದೊಡ್ಡದು ಅಂದದ್ದಕ್ಕೆ, ನೀನಿನ್ನೂ ಬೆಳೆಯುತ್ತೀ ಅಂದ. ಕೊನೆಗೆ ಕೈಗೆ ಬಂದದ್ದೇ ಆ ಮಗ್.

ಸೇನೆಯಲ್ಲಿ ಎಲ್ಲದಕ್ಕೂ ಲೆಕ್ಕವಿದೆ. ಬೆಳಿಗ್ಗೆ ಎದ್ದರೆ ಗಿಂತಿ, ಪಿಟಿಗೆ ಹೊರಟರೆ ಗಿಂತಿ, ಪಿಟಿಯಿಂದ ಬಂದರೆ ಗಿಂತಿ, ಊಟಕ್ಕೆ ಮೊದಲು, ಊಟದ ನಂತರ, ರಾತ್ರಿ ರೋಲ್ ಕಾಲ್‌ನಲ್ಲಿ ಮತ್ತೆ. ಮೂರು ಸಾಲಿನಲ್ಲಿ ನಿಲ್ಲಬೇಕು, ಒಬ್ಬ ಎಣಿಸಬೇಕು. ಎಣಿಸುವ ಕೆಲಸವನ್ನು ಉಸ್ತಾದ್, ಅಂದರೆ ನಮಗೆ ಟ್ರೇನಿಂಗ್ ಕೊಡುವವರು, ನಮ್ಮಲ್ಲೇ ಒಬ್ಬನಿಗೆ ವಹಿಸುತ್ತಿದ್ದರು. ನದಿ ದಾಟಿ ಬಂದು ತಮ್ಮನ್ನು ತಾವೇ ಎಣಿಸಿಕೊಂಡ ಹತ್ತು ಜನ ದಡ್ಡರ ಕಥೆ ಚಿಕ್ಕವರಿದ್ದಾಗ ಕೇಳಿದ್ದೆವಲ್ಲ, ಅದು ಕಥೆಯಲ್ಲ ಅಂತ ನನಗೆ ಅಲ್ಲಿ ಗೊತ್ತಾಯಿತು. ಒಂದು ಸಂಜೆ ಒಬ್ಬ ಕಡಿಮೆ ಬಿದ್ದ. ಕಕ್ಕಸು, ಊಟದ ಲಂಗರ್, ನೀರಿನ ಟ್ಯಾಂಕಿನ ಹಿಂದೆ, ಎಲ್ಲ ಕಡೆ ಹುಡುಕಿದೆವು. ಓಡಿಹೋಗಿದ್ದಾನೆ ಅಂತ ಗೇಟಿಗೂ ಸುದ್ದಿ ಹೋಯಿತು. ಎಣಿಸುತ್ತಿದ್ದವನು ಬಿಹಾರದ ಹುಡುಗ, ಪಾಪ ಎಲ್ಲರಿಗಿಂತ ಜೋರಾಗಿ ಅವನೇ ಹುಡುಕುತ್ತಿದ್ದ.

ಮನುಷ್ಯರ ಲೆಕ್ಕ ಹೀಗಾದರೂ ಸರಿಹೋಗುತ್ತಿತ್ತು. ಮಗ್ಗಿನದು ಸರಿಹೋಗಲೇ ಇಲ್ಲ. ನಮ್ಮ ಬ್ಯಾರಕ್‌ನಲ್ಲಿ ಜನಕ್ಕಿಂತ ಒಂದು ಮಗ್ ಕಡಿಮೆ ಇತ್ತು. ಮೊದಲು ಯಾರದು ಕಳೆಯಿತೋ ಗೊತ್ತಿಲ್ಲ. ಕಳೆದುಕೊಂಡವನು ಪಕ್ಕದ ಮಂಚದವನದನ್ನು ಎತ್ತಿಕೊಂಡ. ಅವನು ಆಚೆ ಮಂಚದವನದನ್ನು. ಹೀಗೆ ಆ ಒಂದು 'ಕಡಿಮೆ' ಅನ್ನುವುದು ಬ್ಯಾರಕ್ಕಿನ ಆ ತುದಿಯಿಂದ ಈ ತುದಿಗೆ ಮಂಚದಿಂದ ಮಂಚಕ್ಕೆ ತಿರುಗುತ್ತಲೇ ಇತ್ತು. ಇವತ್ತು ನನ್ನ ಹತ್ತಿರ, ನಾಳೆ ಒಡಿಶಾದವನ ಹತ್ತಿರ. ಇದಕ್ಕೆ ಕಳ್ಳತನ ಅನ್ನುವ ಹಾಗಿಲ್ಲ. ಯಾರೂ ಎರಡು ಮಗ್ ಇಟ್ಟುಕೊಂಡಿರಲಿಲ್ಲ. ಪ್ರತಿಯೊಬ್ಬನೂ ತನ್ನ ನಂಬರನ್ನು ಮೊಳೆಯಿಂದ ತಳದಲ್ಲಿ ಗೀಚುತ್ತಿದ್ದ. ಹಿಂದಿನವನ ನಂಬರ್ ಅಳಿಸಿ ಅದರ ಮೇಲೆ ತನ್ನದು. ಕೊನೆ ಕೊನೆಗೆ ಒಂದೊಂದು ಮಗ್ಗಿನ ತಳ ತಕರಾರಿನ ಜಮೀನಿನ ಪಹಣಿ ಇದ್ದ ಹಾಗೆ ಆಗಿತ್ತು.

ಕಿಟ್ ಲೇಔಟ್ ದಿನ ಈ ಜಮೀನಿನ ಅಳತೆ. ಮಂಚದ ಮೇಲೆ ಕಂಬಳಿ ಹಾಸಿ, ಕೊಟ್ಟ ಸಾಮಾನನ್ನೆಲ್ಲ ದಾರ ಹಿಡಿದು ನೇರಕ್ಕೆ ಜೋಡಿಸಿ, ತಲೆದೆಸೆಯಲ್ಲಿ ಸಾವಧಾನ್ ನಿಲ್ಲಬೇಕು. ಸುಬೇದಾರ್ ಸಾಬ್ ಒಂದೊಂದೇ ಮಂಚ ನೋಡುತ್ತ ಬರುತ್ತಾರೆ. ಆ ಸಲ ಮಗ್ ಇಲ್ಲದ ಪಾಳಿ ನನ್ನದು. ಇದಕ್ಕೆ ಒಂದು ವ್ಯವಸ್ಥೆ ಇತ್ತು. ಸಾಬ್ ಮೊದಲ ಮಂಚ ದಾಟಿದ ಕೂಡಲೇ ಅಲ್ಲಿನ ಮಗ್ ಬೆನ್ನ ಹಿಂದೆ ಕೈಯಿಂದ ಕೈಗೆ ಸಾಗಿ ಬೇಕಾದವನ ಮಂಚಕ್ಕೆ ಬಂದು ಕೂರುತ್ತಿತ್ತು. ನನ್ನ ಮಂಚಕ್ಕೂ ಬಂತು. ಸಾಬ್ ನೋಡಿದರು, ಮುಂದೆ ಹೋದರು. ಆದರೆ ಆ ದಿನ ಆ ಸಾಲಿನಲ್ಲಿ ಹೊಸದಾಗಿ ಇನ್ನೂ ಇಬ್ಬರ ಮಗ್ ಕಳೆದಿತ್ತು ಅಂತ ಕಾಣುತ್ತದೆ. ನನ್ನಿಂದ ಅದು ಮುಂದಕ್ಕೆ ಹೋಯಿತು, ಅಲ್ಲಿಂದ ಇನ್ನೂ ಮುಂದಕ್ಕೆ. ಅದರ ಹಿಡಿ ಹತ್ತಿರ ಎನಾಮಲ್ ಎದ್ದು ಒಂದು ಕಪ್ಪು ಚುಕ್ಕೆ ಆಗಿತ್ತು. ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸಾಬ್‌ಗೆ ಆ ಚುಕ್ಕೆಯ ಪರಿಚಯ ಚೆನ್ನಾಗಿಯೇ ಆಗಿತ್ತು. ಮಗ್ ಎತ್ತಿ ಹಿಡಿದು ಹಿಂದಿಯಲ್ಲಿ ಹೇಳಿದರು: "ಈ ಬ್ಯಾರಕ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾರ್ಚ್ ಮಾಡುವವನು ಇವನೊಬ್ಬನೇ. ಇವನಿಗೆ ರಜೆ. ಉಳಿದವರು ಹೊರಗೆ ಬನ್ನಿ."

ಹೊರಗೆ ಅಂದರೆ ರಗಡಾ, ಮೈ ಅರೆಯುವ ಶಿಕ್ಷೆ. ಫ್ರಂಟ್ ರೋಲ್, ಸೈಡ್ ರೋಲ್, ಮುರ್ಗಾ. ಮಗ್ ಒಳಗೆ ಮಂಚದ ಮೇಲೆ ಆರಾಮಾಗಿ ಕೂತಿತ್ತು.

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಅಗ್ನಿವೀರ್ ಟ್ರೇನಿಂಗ್ ಮುಗಿಸಿ ರಜೆಗೆ ಬಂದಿದ್ದ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸರ್ವಿಸ್ ನಾಲ್ಕೇ ವರ್ಷ, ಆಮೇಲೆ 25% ಜನರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಹುಡುಗನ ತಲೆಯಲ್ಲಿ ಈಗಲೇ ಆ ಲೆಕ್ಕ ಓಡುತ್ತಿದೆ. ನಮ್ಮ ಕಾಲದಲ್ಲಿ ಆ ಚಿಂತೆ ಇರಲಿಲ್ಲ. ಮಾತು ಬದಲಿಸೋಣ ಅಂತ, "ಮಗ್ ಕಳೀತೇನೋ?" ಅಂತ ಕೇಳಿದೆ. "ಈಗ ಮಗ್ ಅಲ್ಲ ಅಂಕಲ್, ಚಾರ್ಜರ್" ಅಂದ.

ನಮ್ಮ ಟ್ರೇನಿಂಗಿನಲ್ಲಿ ಬೆಳಗಿನ ಜಾವ ಸೀಟಿ ಊದುತ್ತಿದ್ದರು. ಊದುವವನ ಮೇಲೆ ನಮಗೆ ದ್ವೇಷವಿರಲಿಲ್ಲ, ಅವನೂ ನಮ್ಮ ಹಾಗೆ ನಿದ್ದೆಗೆಟ್ಟವನೇ. ಜಬಲ್ಪುರದ ಜನವರಿಯಲ್ಲಿ ನಲ್ಲಿ ನೀರು ಮುಟ್ಟಿದರೆ ಕೈ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ನೀರಿನಲ್ಲಿ ದಿನಾ ಶೇವ್ ಮಾಡಲೇಬೇಕು. ಹದಿನೆಂಟು ತುಂಬುವ ಮೊದಲೇ ಭರ್ತಿ ಆಗಬಹುದಿತ್ತು, ಹಾಗಾಗಿ ನಮ್ಮಲ್ಲಿ ಅರ್ಧ ಜನಕ್ಕೆ ಗಡ್ಡವೇ ಬಂದಿರಲಿಲ್ಲ. ಇದ್ದರೂ ಇಲ್ಲದಿದ್ದರೂ ಬ್ಲೇಡು ಆಡಿಸಲೇಬೇಕು. ಉಸ್ತಾದ್ ಫಾಲ್ ಇನ್‌ನಲ್ಲಿ ಒಂದು ಕಾಗದದ ಚೂರನ್ನು ಕೆನ್ನೆ ಮೇಲೆ ಎಳೆಯುತ್ತಿದ್ದರು. ಚರ್ ಅಂದರೆ ಮುಗಿಯಿತು. ಕತ್ತಲಲ್ಲಿ, ಒಂದು ಕನ್ನಡಿಗೆ ಐದಾರು ಮುಖ ಸೇರಿ, ಇಲ್ಲದ ಗಡ್ಡ ಕೆರೆದುಕೊಂಡು ರಕ್ತ ಬರಿಸಿಕೊಂಡು ಸಾಲಿಗೆ ನಿಲ್ಲುತ್ತಿದ್ದೆವು. ಬಾಗಲಕೋಟೆಯವನು ಒಮ್ಮೆ ಸೋಪು ಹಚ್ಚಿ ಪೂರ್ತಿ ಶೇವ್ ಮುಗಿಸಿದ ಮೇಲೆ ಮುಖ ಹಾಗೇ ಇರುವುದು ನೋಡಿ ಗಾಬರಿಯಾದ. ಕನ್ನಡಿಯಲ್ಲಿ ಅವನು ಅಷ್ಟು ಹೊತ್ತು ನೋಡುತ್ತಿದ್ದದ್ದು ನನ್ನ ಮುಖ.

ಓಟದ ಬಗ್ಗೆ ಬರೆಯುವಂಥದ್ದೇನಿಲ್ಲ. ಓಡಿದೆವು.

ಡ್ರಿಲ್ ಬಗ್ಗೆ ಇದೆ. ನಡೆಯುವುದು ಹೇಗೆ ಅಂತ ಯಾರೂ ಯೋಚನೆ ಮಾಡಿ ನಡೆಯುವುದಿಲ್ಲ. ಎಡಗಾಲು ಮುಂದೆ ಹೋದರೆ ಬಲಗೈ ತಾನೇ ಮುಂದೆ ಹೋಗುತ್ತದೆ. ಆದರೆ "ತೇಜ್ ಚಲ್" ಅಂತ ಒಬ್ಬರು ಕಿವಿ ಹತ್ತಿರ ಕಿರುಚಿದಾಗ ಕೆಲವರಿಗೆ ಎಡಗಾಲಿನ ಜೊತೆ ಎಡಗೈಯೇ ಹೊರಡುತ್ತದೆ. ಬಾಗಲಕೋಟೆಯವನಿಗೆ ಈ ರೋಗ ಹಿಡಿಯಿತು. ಬ್ಯಾರಕ್‌ನಿಂದ ಲಂಗರ್‌ಗೆ ಸರಿಯಾಗಿಯೇ ನಡೆದು ಹೋಗುತ್ತಿದ್ದ. ಪರೇಡ್ ಮೈದಾನಕ್ಕೆ ಕಾಲಿಟ್ಟರೆ ಕೆಡುತ್ತಿತ್ತು. ಉಸ್ತಾದ್ ಅವನ ಹಿಂದೆ ನನ್ನನ್ನು ನಿಲ್ಲಿಸಿ, ಎರಡು ಕೋಲು ಕೊಟ್ಟು, ಎರಡರ ಮುಂದಿನ ತುದಿ ಅವನು, ಹಿಂದಿನ ತುದಿ ನಾನು ಹಿಡಿದುಕೊಂಡು ನಡೆಯಿರಿ ಅಂದರು. ನನ್ನ ಕೈ ಆಡಿದ ಹಾಗೆ ಆಡಿ ಅವನ ಕೈ ಸರಿಹೋಗಲಿ ಅನ್ನುವುದು ಅವರ ಲೆಕ್ಕ. ಮೈದಾನದ ಆ ತುದಿ ಮುಟ್ಟುವಷ್ಟರಲ್ಲಿ ನನಗೂ ಎಡಗಾಲಿಗೆ ಎಡಗೈ ಬರುತ್ತಿತ್ತು.

ಜನವರಿ 15 ಆರ್ಮಿ ಡೇ. ಕೆ. ಎಂ. ಕಾರಿಯಪ್ಪನವರು 1949ರಲ್ಲಿ ಆ ದಿನ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅವರು ಯಾವ ಕಡೆಯವರು ಅಂತ ಉಸ್ತಾದ್ ಕ್ಲಾಸಿನಲ್ಲಿ ಕೇಳಿದರು. ಇದೊಂದಕ್ಕಾದರೂ ಕೈ ಎತ್ತೋಣ ಅಂತ ಎತ್ತಿ, ಕೊಡಗು, ಕರ್ನಾಟಕ, ನಮ್ಮ ಹಾಸನದ ಪಕ್ಕದ ಜಿಲ್ಲೆ ಅಂದೆ. ಬಾಗಲಕೋಟೆಯವನು ಸುಮ್ನೆ ಇರಲಾರದೆ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರೂ ಅಲ್ಲಿಯವರೇ ಅಂತ ಸೇರಿಸಿದ. ಉಸ್ತಾದ್‌ಗೆ ಬಹಳ ಸಂತೋಷವಾಯಿತು. "ಇಬ್ಬರು ಜನರಲ್ ಸಾಬ್‌ಗಳನ್ನು ಕೊಟ್ಟ ನಾಡಿನವರಾ? ಹಾಗಾದರೆ ಇವತ್ತು ನೀವಿಬ್ಬರೂ ಮೈದಾನಕ್ಕೆ ಎರಡು ಸುತ್ತು ಜಾಸ್ತಿ."

ಈ ಉಸ್ತಾದ್ ಬಗ್ಗೆ ಈಗ ಹೇಳಬೇಕು. ದಪ್ಪ ಮೀಸೆ, ಗಿಡ್ಡ ಕುತ್ತಿಗೆ, ಹವಾಲ್ದಾರ್. ಎದೆ ಮೇಲಿನ ಪಟ್ಟಿಯಲ್ಲಿದ್ದ ಹೆಸರು ನೋಡಿ ಮಹಾರಾಷ್ಟ್ರದವರು ಅಂದುಕೊಂಡಿದ್ದೆವು. ಮಾತೆಲ್ಲ ಹಿಂದಿ. ನಾವಿಬ್ಬರು ಅವರಿಗೆ 'ಕೋಣ' ಅಂತ ಹೆಸರಿಟ್ಟಿದ್ದೆವು. ಕನ್ನಡದಲ್ಲಿ ಬೈಯುವುದೊಂದೇ ಅಲ್ಲಿ ನಮಗಿದ್ದ ಸುಖ. ತಮಿಳಿನವರಿಗೆ, ತೆಲುಗಿನವರಿಗೆ ಆ ಸುಖವಿರಲಿಲ್ಲ, ಅವರ ಭಾಷೆ ಬಲ್ಲ ಉಸ್ತಾದ್‌ಗಳು ಬೇಕಾದಷ್ಟಿದ್ದರು. ನಮಗೆ ಯಾವ ಭಯವೂ ಇಲ್ಲ. ಅವರು ರಗಡಾ ಕೊಡುತ್ತಿದ್ದರೆ ನಾನು ಉರುಳುತ್ತಲೇ, "ನಿನ್ನ ಬಾಯಿಗೆ ಬೂದಿ ಬೀಳ, ನಿನ್ನ ಸೊಂಟ ಮುರಿಯ, ನಿನ್ನ ಮೀಸೆಗೆ ಇರುವೆ ಹತ್ತ" ಅಂತ ಮಂತ್ರ ಹೇಳುವ ದನಿಯಲ್ಲಿ ಹೇಳುತ್ತಿದ್ದೆ. ಬಾಗಲಕೋಟೆಯವನು ತನ್ನ ಕಡೆಯವನ್ನು ಸೇರಿಸುತ್ತಿದ್ದ. ಅವನವು ಇಲ್ಲಿ ಬರೆಯುವಂಥವಲ್ಲ. ಏನು ಗೊಣಗುತ್ತೀಯ ಅಂತ ಉಸ್ತಾದ್ ಕೇಳಿದರೆ, ದೇವರ ನಾಮ ಉಸ್ತಾದ್ ಅನ್ನುತ್ತಿದ್ದೆವು. ಶಾಬಾಶ್, ಜೋರಾಗಿ ಹೇಳು ಅನ್ನುತ್ತಿದ್ದರು. ಜೋರಾಗಿ ಹೇಳುತ್ತಿದ್ದೆವು.

ಲಂಗರ್‌ನಲ್ಲಿ ಚಪಾತಿಗೆ ಕೊರತೆ ಇರಲಿಲ್ಲ. ಆದರೆ ಮುದ್ದೆ ತಿಂದು ಬೆಳೆದವನಿಗೆ ಅದು ಹೊಟ್ಟೆ ತುಂಬಿಸುತ್ತದೆ, ತೃಪ್ತಿ ಕೊಡುವುದಿಲ್ಲ. ಜೋಳದ ರೊಟ್ಟಿಯವನ ದುಃಖ ಬೇರೆ. ಚಪಾತಿ ಕೈಯಲ್ಲಿ ಹಿಡಿದು, "ಇದು ಸಪ್ಪಳಾನs ಮಾಡಂಗಿಲ್ಲಲೋ" ಅನ್ನುತ್ತಿದ್ದ, ಕಟಕ್ ಅನ್ನದ ರೊಟ್ಟಿ ರೊಟ್ಟಿಯೇ ಅಲ್ಲ ಅವನಿಗೆ. ದಾಲ್ ತಿಂದ ಮೆಸ್ ಟಿನ್ನಿಗೇ ಚಹಾ ಹಾಕಿಸಿಕೊಳ್ಳುವುದು ಮಗ್ ಇಲ್ಲದವನ ಹಣೆಬರಹ. ಚಹಾ ಮೇಲೆ ಒಗ್ಗರಣೆಯ ಜೀರಿಗೆ ತೇಲುತ್ತಿತ್ತು. ಸಂಜೆಯ ಶಕ್ಕರ್‌ಪಾರೆ ಮಾತ್ರ ಒಳ್ಳೆಯ ವಸ್ತು. ಸೇನೆಯ ಶಕ್ಕರ್‌ಪಾರೆ ಒಂದನ್ನು ಬಾಯಿಗಿಟ್ಟರೆ ಕರಗಿಸುವುದಕ್ಕೆ ಸುಮಾರು ಹೊತ್ತು ಬೇಕು. ನಾನು ಮಧ್ಯಾಹ್ನದ ವೆಪನ್ ಕ್ಲಾಸಿಗೆ ಅಂತ ಎರಡು ಜೇಬಿನಲ್ಲಿ ಉಳಿಸಿಡುತ್ತಿದ್ದೆ. ನಿದ್ದೆ ತಡೆಯಲು ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ನಿದ್ದೆ ಅಂದೆನಲ್ಲ. ಊಟವಾದ ಮೇಲೆ ಕ್ಲಾಸು, ಎಸ್‌ಎಲ್‌ಆರ್ ರೈಫಲ್, 7.62 ಮಿಲಿಮೀಟರ್, ಮ್ಯಾಗಜೀನಿಗೆ 20 ಗುಂಡು. ಇಷ್ಟು ಕೇಳುವಷ್ಟರಲ್ಲಿ ಸಾಲು ಸಾಲೇ ತೂಗಾಡುತ್ತಿತ್ತು. ನಿದ್ದೆ ಬಂದವರು ಎದ್ದು ಹಿಂದೆ ಹೋಗಿ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಮುಂದೆ ಕೂತವರಿಗಿಂತ ಹಿಂದೆ ನಿಂತವರೇ ಜಾಸ್ತಿ. ನಿಂತು ನಿದ್ದೆ ಮಾಡುವುದನ್ನು ಯಾರೂ ಕಲಿಸಲಿಲ್ಲ, ಎಲ್ಲರಿಗೂ ಬಂತು. ರಾತ್ರಿ ಮಾತ್ರ ಮಂಚ ಇದ್ದೂ ಮಲಗುವ ಹಾಗಿಲ್ಲ. ಬೆಳಿಗ್ಗೆ ಕಂಬಳಿಯ ಮೂಲೆ ಕತ್ತರಿಸಿದಷ್ಟು ನೇರ ಇರಬೇಕಲ್ಲ, ಅದನ್ನು ಮಾಡಲು ಸಮಯವಿಲ್ಲ. ಹಾಗಾಗಿ ಸಂಜೆಯೇ ಮಂಚ ಸಿದ್ಧಮಾಡಿ, ಅದನ್ನು ಕೆಡಿಸದೆ ನೆಲದ ಮೇಲೆ ದರಿ ಹಾಸಿ ಮಲಗುತ್ತಿದ್ದೆವು. ಸರ್ಕಾರ ಕೊಟ್ಟ ಮಂಚ, ನೋಡುವುದಕ್ಕೆ.

ಸೊಳ್ಳೆಪರದೆ ಕಟ್ಟುವುದು ಕಡ್ಡಾಯ. ಕಟ್ಟಲು ಒಬ್ಬೊಬ್ಬನಿಗೆ ನಾಲ್ಕು ಮೂಲೆ ಎಲ್ಲಿಂದ ಬರಬೇಕು? ಒಂದೇ ದಾರ ಆ ಗೋಡೆಯಿಂದ ಈ ಗೋಡೆಗೆ ಎಳೆದು ಎಲ್ಲರದನ್ನೂ ಅದಕ್ಕೇ ಕಟ್ಟಿದ್ದೆವು. ಒಂದು ರಾತ್ರಿ ಪಹರೆ ಬದಲಾಗುವ ಹೊತ್ತು. ಎಬ್ಬಿಸಲು ಬಂದವನು ಕತ್ತಲಲ್ಲಿ ಪರದೆ ಅಂತ ದಾರವನ್ನೇ ಎಳೆದ. ಇಡೀ ಸಾಲಿನ ಪರದೆಗಳು ಒಟ್ಟಿಗೆ ಮೈಮೇಲೆ ಬಿದ್ದವು. ಯಾರೋ ದಾಳಿ ಆಯಿತು ಅಂದುಕೊಂಡು "ಹಮ್ಲಾ!" ಅಂತ ಕೂಗಿದ. ಎದ್ದವರೆಲ್ಲ ಬಲೆಯೊಳಗೇ ಎದ್ದರು. ಬಿಹಾರದವನು ಪರದೆ ಸಮೇತ ಬಾಗಿಲವರೆಗೂ ಓಡಿದ, ಅವನ ಪರದೆಗೆ ಸಿಕ್ಕಿಕೊಂಡಿದ್ದ ಇನ್ನಿಬ್ಬರು ಅವನ ಹಿಂದೆ. ಲೈಟು ಹಾಕಿ ಗಿಂತಿ ಮಾಡಿದರು. ಸರಿಯಾಗಿತ್ತು. ಅಷ್ಟು ಸಲದಲ್ಲಿ ಮೊದಲನೇ ಏಟಿಗೆ ಲೆಕ್ಕ ಸರಿಬಂದದ್ದು ಆಗಲೇ ಇರಬೇಕು, ಎಲ್ಲರೂ ಒಂದಕ್ಕೊಂದು ಗಂಟು ಬಿದ್ದಿದ್ದರಲ್ಲ.

ಭಾನುವಾರ ಎಸ್‌ಟಿಡಿ ಬೂತ್. ರಾತ್ರಿ 11ರ ಮೇಲೆ ರೇಟು ಕಡಿಮೆ, ಆದರೆ ಆ ಹೊತ್ತಿಗೆ ನಮಗೆ ಲೈಟ್ ಔಟ್. ಹಗಲಿನ ರೇಟಿಗೇ ಮಾಡಬೇಕು. ನಮ್ಮೂರಿನಲ್ಲಿ ಆಗ ಫೋನ್ ಇದ್ದದ್ದು ಶೆಟ್ಟರ ಅಂಗಡಿಯಲ್ಲಿ. ಶೆಟ್ಟರು ಫೋನ್ ಎತ್ತಿ, "ಇರಪ್ಪ, ನಿಮ್ಮ ತಂದೇನ ಕರೆಸ್ತೀನಿ" ಅಂತ ರಿಸೀವರ್ ಪಕ್ಕಕ್ಕಿಟ್ಟು ಹುಡುಗನನ್ನು ಕಳಿಸುತ್ತಿದ್ದರು. ಮೀಟರಿನ ಕೆಂಪು ಅಂಕಿ ಏರುತ್ತ ನಾನು ಅರಕಲಗೂಡು ಸೀಮೆಯ ಬೆಲ್ಲದ ರೇಟು, ಯಾರದೋ ಎಮ್ಮೆ ಈದ ಸುದ್ದಿ ಕೇಳುತ್ತ ನಿಲ್ಲುತ್ತಿದ್ದೆ. ಅಪ್ಪ ಬಂದು ಏದುಸಿರು ಬಿಡುತ್ತ, "ಹಲೋ, ದುಡ್ಡು ಜಾಸ್ತಿ ಆಯ್ತದೆ, ಇಡ್ಲಾ" ಅಂತ ಇಟ್ಟುಬಿಡುತ್ತಿದ್ದರು.

ಫೈರಿಂಗ್ ರೇಂಜಿನ ದಿನ ನಾನು ಐದು ಗುಂಡು ಹೊಡೆದೆ. ನನ್ನ ಟಾರ್ಗೆಟ್‌ನಲ್ಲಿ ಒಂದೂ ತೂತಿಲ್ಲ. ಎಡಗಡೆ ಮಲಗಿದ್ದ ಬಾಗಲಕೋಟೆಯವನು ಹೊಡೆದದ್ದೂ ಐದೇ. ಅವನ ಟಾರ್ಗೆಟ್‌ನಲ್ಲಿ ಒಂಬತ್ತು ತೂತು. ಒಂಬತ್ತನೆಯದರ ನಂತರ ಅವನು ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ ನಕ್ಕ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅವನ ರೈಫಲ್ಲಿನಿಂದ ಹಾರಿದ ಬಿಸಿ ಖೋಖಾ, ಅಂದರೆ ಗುಂಡಿನ ಖಾಲಿ ಕೋಶ ಒಂದು ನನ್ನ ಕಾಲರಿನೊಳಗೆ ಬಿದ್ದಿತ್ತು. ಏಳುವ ಹಾಗಿಲ್ಲ, ರೈಫಲ್ ಬಿಡುವ ಹಾಗಿಲ್ಲ. ಮಲಗಿದಲ್ಲೇ ಒದ್ದಾಡಿ, ರೇಂಜು ಮುಗಿದ ಮೇಲೆ ಶರ್ಟು ಎಳೆದು ಕೊಡವಿದೆ. ಏನೂ ಬೀಳಲಿಲ್ಲ. ಹೊಡೆದಷ್ಟು ಗುಂಡಿಗೂ ಖಾಲಿ ಖೋಖಾ ಎಣಿಸಿ ವಾಪಸ್ ಕೊಡಬೇಕು, ಅದು ನಿಯಮ. ಒಂದು ಕಡಿಮೆ ಬಂತು. ಮಂಡಿಯೂರಿ ಹುಲ್ಲಿನಲ್ಲಿ ಸಾಲಾಗಿ ಹುಡುಕಿದೆವು. ಹೊತ್ತು ಇಳಿಯಿತು. ಚಹಾ ಹೋಯಿತು, ಶಕ್ಕರ್‌ಪಾರೆ ಹೋಯಿತು. ಕೋಣನಿಗೆ ಸಿಟ್ಟು ಬಂದು ಎಲ್ಲರಿಗೂ ಫ್ರಂಟ್ ರೋಲ್ ಕೊಟ್ಟರು. ಎರಡು ಮೂರು ಉರುಳಿಗೆ ನನ್ನ ಪ್ಯಾಂಟಿನ ಕಾಲಿನಿಂದ ಏನೋ ಟಣ್ ಅಂತ ಕಲ್ಲಿನ ಮೇಲೆ ಬಿತ್ತು. ಶರ್ಟು ಎಳೆದಾಗ ಅದು ಒಳಗಿಂದೊಳಗೇ ಇಳಿದು ಬೂಟಿನ ಹತ್ತಿರ ಕೂತಿತ್ತು. ಆ ಬೂಟು ಮೊದಲೇ ಎಷ್ಟೋ ಕಡೆ ಚುಚ್ಚುತ್ತಿದ್ದದ್ದರಿಂದ ಹೊಸದಾಗಿ ಒಂದು ಕಡೆ ಚುಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ರಗಡಾದಿಂದ ಯಾರಿಗಾದರೂ ಪ್ರಯೋಜನ ಆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇನ್ನು ಪಹರೆಯ ರಾತ್ರಿ. ಸ್ಟೋರಿನ ಹಿಂದೆ, ಬೇವಿನ ಮರದ ಕೆಳಗೆ ನನ್ನ ಡ್ಯೂಟಿ. ಯಾರಾದರೂ ಬಂದರೆ "ಥಮ್! ಕೌನ್ ಆತಾ ಹೈ?" ಅನ್ನಬೇಕು. ಸಂಜೆಯಿಂದ ಇದನ್ನೇ ಬಾಯಿಪಾಠ ಮಾಡಿದ್ದೆ. ಹೊತ್ತು ಕಳೆದ ಮೇಲೆ ಎಲೆ ತುಳಿದ ಸದ್ದು ಕೇಳಿತು. ಬಾಯಿಗೆ ಬಂದದ್ದು, "ಯಾವನ್ಲಾ ಅವ್ನು?"

ಕತ್ತಲಿನಿಂದ ಕನ್ನಡದಲ್ಲೇ ಉತ್ತರ ಬಂತು. "ನಾನ ಅದೀನಿ. ರೈಫಲ್ ಕೆಳಗ ಮಾಡು."

ದನಿ ಉಸ್ತಾದರದು, ಮಾತು ಬಾಗಲಕೋಟೆಯವನದು. ಅವನು ರಾತ್ರಿ ಮಲಗುವಾಗ ಉಸ್ತಾದರ ದನಿ ಅಣಕಿಸಿ ನಗಿಸುತ್ತಿದ್ದ. ನನಗೆ ಜೀವ ಬಂತು. "ಸುಮ್ನೆ ಹೋಗಿ ಬಿದ್ಕೊಳೋ ಮುಂಡೇದೆ, ಆ ಕೋಣ ಬಂದ್ರೆ ಇಬ್ರಿಗೂ ಐತೆ" ಅಂದೆ.

ಟಾರ್ಚು ಹತ್ತಿತು. ಕೆಳಗಿನಿಂದ ಬೆಳಕು ಬಿದ್ದು ಮೀಸೆ ಇನ್ನೂ ದಪ್ಪಗೆ ಕಂಡಿತು.

"ಕೋಣ ಬಂದೈತಿ" ಅಂದರು.

ಅವರ ಊರು ವಿಜಾಪುರ ಜಿಲ್ಲೆಯಲ್ಲಂತೆ. ಎದೆ ಪಟ್ಟಿಯಲ್ಲಿದ್ದ ಆ ಹೆಸರು ಗಡಿಯ ಆಚೆಗೂ ಇದೆ, ಈಚೆಗೂ ಇದೆ. ಅವರು ಹೋದ ಮೇಲೆ ಡ್ಯೂಟಿ ಮುಗಿಯುವವರೆಗೂ ನಾನು ಇಷ್ಟು ತಿಂಗಳು ಏನೇನು ಹೇಳಿದ್ದೆ ಅಂತ ನೆನಪು ಮಾಡಿಕೊಳ್ಳುತ್ತ ನಿಂತಿದ್ದೆ. ಹೋಗಿ ಬಾಗಲಕೋಟೆಯವನನ್ನು ಎಬ್ಬಿಸಿ ಹೇಳಿದೆ. ಅವನು ಎದ್ದು ಕೂತು, ತಾನು ಹೇಳಿದವನ್ನು ಒಂದೊಂದಾಗಿ ನೆನೆಸಿಕೊಂಡು ಮುಖ ಮುಚ್ಚಿಕೊಂಡ. ಅವನವು ಪೂರ್ತಿ ವಿಜಾಪುರದವರಿಗೆ ಅರ್ಥವಾಗುವಂಥವು.

ಬೆಳಿಗ್ಗೆ ಫಾಲ್ ಇನ್‌ನಲ್ಲಿ ಅವರು ಮತ್ತೆ ಹಿಂದಿಯೇ. ನಮ್ಮ ಕಡೆ ನೋಡಲೂ ಇಲ್ಲ. ರಗಡಾ ಕೊಟ್ಟಾಗ ನಾವಿಬ್ಬರೂ ತುಟಿ ಬಿಗಿದುಕೊಂಡು ಉರುಳಿದೆವು. ಪಕ್ಕಕ್ಕೆ ಬಂದು ಬಗ್ಗಿ, "ಯಾಕ, ಇವತ್ತು ದೇವರ ನಾಮ ಇಲ್ಲೇನು?" ಅಂದರು. ಮೊದಲೇ ಯಾಕೆ ಹೇಳಲಿಲ್ಲ ಉಸ್ತಾದ್ ಅಂತ ಎಷ್ಟೋ ದಿನದ ಮೇಲೆ ಧೈರ್ಯ ಮಾಡಿ ಕೇಳಿದೆ. "ಹೇಳಿದ್ದರ ನೀವು ಹಿಂದಿ ಕಲೀತಿದ್ದಿಲ್ಲ. ಮತ್ತ, ಊರ ಬಿಟ್ಟು ಇಲ್ಲಿ ಕುಂತು ಕನ್ನಡದಾಗ ಬೈಸಿಕೊಳ್ಳೂದೂ ಪುಣ್ಯಾನs" ಅಂದು, ಮೀಸೆ ತೀಡಿ, ನಮ್ಮಿಬ್ಬರನ್ನೂ ಫಟೀಕ್‌ಗೆ, ಅಂದರೆ ಮೈಮುರಿಯುವ ಕೆಲಸಕ್ಕೆ, ಕಳಿಸಿದರು.

ಕಸಂ ಪರೇಡ್ ದಿನ ಪಂಡಿತರು, ಮೌಲ್ವಿ, ಗ್ರಂಥಿ, ಪಾದ್ರಿ ಎಲ್ಲರೂ ಬಂದಿದ್ದರು. ಅವರವರ ಧರ್ಮಗ್ರಂಥದ ಮುಂದೆ ಪ್ರಮಾಣ ಮಾಡಿ ನಾವು ಸೈನಿಕರಾದೆವು. ಬಾಗಲಕೋಟೆಯವನ ಕೈಕಾಲು ಆ ದಿನ ಸರಿಯಾಗಿಯೇ ಬಂದವು. ಅಷ್ಟು ದೂರ ಬರಲು ಎಲ್ಲರ ಮನೆಯವರಿಗೆ ಆಗುತ್ತಿರಲಿಲ್ಲ. ನಮ್ಮಪ್ಪ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಕಜ್ಜಾಯದ ಡಬ್ಬ. ಮೈದಾನದ ಅಂಚಿನಲ್ಲಿ ಯಾರ ಜೊತೆ ಏನು ಮಾತಾಡಬೇಕೋ ತಿಳಿಯದೆ ನಿಂತಿದ್ದರು. ಉಸ್ತಾದ್ ನೇರವಾಗಿ ಅವರ ಹತ್ತಿರ ಹೋಗಿ ಕೈಮುಗಿದರು.

"ನಮಸ್ಕಾರ್ರೀ. ಪ್ರವಾಸ ಆರಾಮ ಆತೇನ್ರಿ?"

ಕನ್ನಡ ಕೇಳಿ ಅಪ್ಪನಿಗೆ ಹೋದ ಜೀವ ಬಂತು. ಡಬ್ಬದ ಮುಚ್ಚಳ ತೆಗೆದು ಮೊದಲ ಕಜ್ಜಾಯ ಅವರಿಗೇ ಕೊಟ್ಟರು. "ನಮ್ಮ ಹುಡುಗ ಹೆಂಗೆ ಸಾರ್? ಏನಾರ ಕಲಿತನಾ?"

ಉಸ್ತಾದ್ ಕಜ್ಜಾಯ ಅಗಿಯುತ್ತ ನನ್ನ ಕಡೆ ಒಂದು ಸಲ ನೋಡಿದರು. "ಡ್ರಿಲ್ಲಿನಾಗ ಅಷ್ಟಕ್ಕಷ್ಟ ರೀ. ಫೈರಿಂಗಿನಾಗ ಮಗ್ಗಲದವರ ಟಾರ್ಗೆಟ್ ಚಲೋ ಹೊಡೀತಾನ. ಬೈಗುಳದಾಗ ಮಾತ್ರ ಭಾಳ ಶಾಣ್ಯಾ ಅದಾನ. ನನಗ ಇಷ್ಟು ವರ್ಷಕ್ಕ ಗೊತ್ತಿಲ್ಲದವು ಎಷ್ಟೋ ಕಲಿಸ್ಯಾನ."

ನಾನು ಸಾವಧಾನ್‌ನಲ್ಲಿ ನಿಂತು ಎದುರಿನ ಧ್ವಜಸ್ತಂಭ ನೋಡುತ್ತಿದ್ದೆ. ಅಪ್ಪ ನಾಚಿಕೆಪಡುತ್ತಾರೆ, ಇಲ್ಲವೇ ಅಲ್ಲೇ ಕಪಾಳಕ್ಕೆ ಬಿಡುತ್ತಾರೆ ಅಂದುಕೊಂಡಿದ್ದೆ. ಅಪ್ಪ ಟವೆಲಿನ ತುದಿಯಿಂದ ಬಾಯಿ ಒರೆಸಿಕೊಂಡು, ಬಹಳ ವಿನಯದಿಂದ ಹೇಳಿದರು:

"ಅದು ನನ್ನ ಕಡೆಯಿಂದ ಬಂದಿದ್ದಲ್ಲ ಸಾರ್. ಎಲ್ಲ ನಮ್ಮವ್ವ ಕಲಿಸಿದ್ದು. ನೀವು ಒಂದ್ಸಲ ನಮ್ಮೂರಿಗೆ ಬರಬೇಕು, ಅವ್ವನ ಬಾಯಲ್ಲೇ ಕೇಳಬೇಕು."